ಕುಡಿದು ಗಾಡಿ ಓಡಿಸೋ ಮಿತಿ 30ರಿಂದ ಸೊನ್ನೆಗೆ ಇಳಿಸಬೇಕಾ? ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರು ಹೇಳಿ

ಹಗರಿ_ದಂಡೆ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ಪೋಸ್ಟ್ ಉದ್ದ ಆಗುತ್ತದೆ, ಬೈಯಬೇಡಿ.

ಹೋದ ವಾರ ನಮ್ಮ ಭಾವ, ಅಂದ್ರೆ ಅಕ್ಕನ ಗಂಡ, ಬೆಳಿಗ್ಗೆ ಎಂಟಕ್ಕೆ ಬೈಕ್ ಮೇಲೆ ಕೆಲಸಕ್ಕೆ ಹೊರಟವರು ಪೊಲೀಸರ ಕೈಗೆ ಸಿಕ್ಕರು. ಹೆಲ್ಮೆಟ್ ಇತ್ತು, ಲೈಸೆನ್ಸ್ ಇತ್ತು, ಇನ್ಶೂರೆನ್ಸ್ ಕೂಡ ಇತ್ತು (ನಮ್ಮ ಮನೆತನದಲ್ಲೇ ಇದು ದಾಖಲೆ). ವಾಸನೆ ಬರ್ತಿದೆ ಅಂತ ಊದಿಸಿದ್ದಾರೆ. 41 ಬಂತು. ಮಿತಿ 30 (100 ಎಂಎಲ್ ರಕ್ತದಲ್ಲಿ ಇಷ್ಟು ಮಿಲಿಗ್ರಾಂ ಆಲ್ಕೋಹಾಲ್ ಅನ್ನೋ ಲೆಕ್ಕ). ಗಾಡಿ ಅಲ್ಲೇ ಬಿಟ್ಟು ಟಂಟಂ ಹತ್ತಿ ಮನೆಗೆ ಬಂದರು.

ಹಿಂದಿನ ರಾತ್ರಿ ಬೀಗರ ಮನೆಯಲ್ಲಿ ದೇವರ ಕಾರ್ಯ ಇತ್ತು, ಕುರಿ ಕೊಯ್ದಿದ್ದರು. ಒಂಬತ್ತೂವರೆಗೆ ಕೂತು ಒಂದು ಕ್ವಾರ್ಟರ್ ಮುಗಿಸಿ, ಊಟ ಮಾಡಿ, ಅಲ್ಲೇ ಮಲಗಿದ್ದಾರೆ. ರಾತ್ರಿ ಗಾಡಿ ಮುಟ್ಟಿಲ್ಲ. ಬೆಳಿಗ್ಗೆ ತಲೆ ಮೇಲೆ ನೀರು ಹಾಕಿಕೊಂಡು, ಒಗ್ಗರಣೆ ಮಿರ್ಚಿ ತಿಂದು, ಎರಡು ಚಹಾ ಕುಡಿದು ಹೊರಟಿದ್ದು. "ಒಂದೇ ಕ್ವಾರ್ಟರ್ ಕಣೋ, ನಿಮ್ಮಕ್ಕನ ಆಣೆ" ಅಂತ ನನ್ನ ಮುಂದೆ ಹೇಳಿದರು. ಮಲಗೆದ್ದವನನ್ನ ಹಿಡಿಯೋದು ಯಾವ ನ್ಯಾಯ ಅನ್ನೋದು ಅವರ ವಾದ.

ಇದು ಒಂದು ಕಡೆ. ಇನ್ನೊಂದು ಕಡೆ ಕೇಳಿ. ಎರಡು ವರ್ಷದ ಹಿಂದೆ ನಮ್ಮ ಚಿಕ್ಕಪ್ಪನ ಮಗನಿಗೆ ತೆಕ್ಕಲಕೋಟೆ ಹತ್ತಿರ ರಾತ್ರಿ ಒಂದು ಟೆಂಪೋ ಗುದ್ದಿತು. ಡ್ರೈವರ್ ಫುಲ್ ಟೈಟ್ ಇದ್ದ ಅಂತ ನೋಡಿದವರೆಲ್ಲ ಹೇಳಿದರು. ಗಾಡಿ ಬಿಟ್ಟು ಹೊಲದೊಳಗೆ ಓಡಿಹೋದವನು ಮರುದಿನ ಮಧ್ಯಾಹ್ನ ಮಾಲೀಕನ ಜೊತೆ ಸ್ಟೇಷನ್ನಿಗೆ ಬಂದ. ಟೆಸ್ಟ್ ಮಾಡಿದರೆ ಏನೂ ಇಲ್ಲ. ತಮ್ಮನ ಕಾಲಲ್ಲಿ ಇವತ್ತಿಗೂ ರಾಡ್ ಇದೆ, ಚಳಿಗಾಲದಲ್ಲಿ ಕುಂಟುತ್ತಾನೆ.

ಮೊನ್ನೆ ಚಹಾ ಅಂಗಡಿಯಲ್ಲಿ ಇದೇ ಮಾತು ಬಂತು. ಒಬ್ಬರು "ಮಿತಿ ಗಿತಿ ಏನೂ ಬೇಡ, ಸೊನ್ನೆ ಮಾಡಿಬಿಡಲಿ, ನೇಪಾಳದಲ್ಲಿ ಹಾಗೇ ಇದೆ" ಅಂದರು. ಇನ್ನೊಬ್ಬರು "ಇರೋ 30ಕ್ಕೇ ದಿಕ್ಕಿಲ್ಲ, ಸೊನ್ನೆ ಮಾಡಿ ಏನು ಮಾಡ್ತೀರಿ" ಅಂದರು. ನನಗೆ ಇಬ್ಬರದ್ದೂ ಸರಿ ಅನಿಸಿತು, ಅದೇ ತೊಂದರೆ. ನೀವೇನಂತೀರಿ? ಮಿತಿ ಇಳಿಸಿದರೆ ನಿಜವಾಗಲೂ ಸಾವು ಕಡಿಮೆ ಆಗುತ್ತದಾ, ಇಲ್ಲಾ ನಮ್ಮ ಭಾವನಂಥವರು ಜಾಸ್ತಿ ಸಿಗುತ್ತಾರೆ ಅಷ್ಟೇನಾ?

—

ಅದಿರು_ಲಾರಿ (ಸಂಡೂರು)

ಅಣ್ಣ, ನನ್ನ ಹತ್ತಿರ ಮೂರು ಟಿಪ್ಪರ್ ಇವೆ, ತೋರಣಗಲ್ ಕಡೆ ಓಡುತ್ತವೆ. ನನ್ನ ಅನುಭವ ಹೇಳುತ್ತೇನೆ.

ಫ್ಯಾಕ್ಟರಿ ಗೇಟಿನಲ್ಲಿ ಡ್ರೈವರ್‌ಗೆ ಊದಿಸುತ್ತಾರೆ. ಅಲ್ಲಿ 30 ಗಿರಿ ಏನಿಲ್ಲ. ಸೊನ್ನೆ ಬರಬೇಕು. 5 ಬಂದರೂ ಗಾಡಿ ಹೊರಗೆ, ಆವತ್ತಿನ ಟ್ರಿಪ್ ಹೋಯಿತು, ನನಗೆ ಫೋನ್ ಬರುತ್ತದೆ. ಎರಡನೇ ಸಲ ಆದರೆ ಆ ಡ್ರೈವರ್‌ಗೆ ಪಾಸೇ ಇಲ್ಲ. ಮೊದಮೊದಲು ಹುಡುಗರು ಬೈದುಕೊಂಡರು. ಈಗ ಅವರೇ ಲೆಕ್ಕ ಇಡುತ್ತಾರೆ, ನಾಳೆ ಬೆಳಗಿನ ಪಾಳಿ ಇದೆ ಅಂದರೆ ರಾತ್ರಿ ಮುಟ್ಟೋದಿಲ್ಲ, ರಜೆ ಇದ್ದರೆ ಮಾತ್ರ.

ಅದೇ ಹುಡುಗರು ಲಾರಿ ಇಳಿದು ಸ್ವಂತ ಬೈಕ್ ಹತ್ತಿದರೆ ಬೇರೆ ಮನುಷ್ಯರು. ಯಾಕಂದ್ರೆ ಊರಿಗೆ ಹೋಗೋ ದಾರಿಯಲ್ಲಿ ಯಾರೂ ಊದಿಸೋದಿಲ್ಲ. ನನ್ನ ಒಬ್ಬ ಡ್ರೈವರ್ ಹನ್ನೊಂದು ವರ್ಷದಿಂದ ಲೈನಲ್ಲಿ ಇದ್ದಾನೆ, ಗೇಟಲ್ಲಿ ದಿನಾ ಊದುತ್ತಾನೆ, ರೋಡ್ ಮೇಲೆ ಇಲ್ಲಿಯವರೆಗೆ ಎರಡು ಸಲ ಊದಿದ್ದಾನಂತೆ. ಎರಡೂ ಸಲ ಡಿಸೆಂಬರ್ 31.

ಸೊನ್ನೆ ಆಗಲಿ ಅನ್ನೋನು ನಾನು. ಎರಡು ಪೆಗ್ ಹಾಕಿದರೆ 30 ದಾಟುತ್ತದಾ ಇಲ್ವಾ ಅಂತ ಯಾರಿಗೂ ಗೊತ್ತಿರೋದಿಲ್ಲ. ಸೊನ್ನೆ ಅಂದರೆ ಎಲ್ಲರಿಗೂ ಗೊತ್ತು.

—

ಸುಮ್ನೆ_ಕೇಳ್ದೆ (ಗಂಗಾವತಿ)

ನಾನು ಒಪ್ಪೋದಿಲ್ಲ. ಬೈಯೋರು ಬೈಯಿರಿ.

ನಮ್ಮ 30 ಅನ್ನೋದು ಈಗಲೇ ಕಡಿಮೆ. ಇಂಗ್ಲೆಂಡಿನಲ್ಲಿ ಮಿತಿ 80. ಅಮೆರಿಕದಲ್ಲೂ ಹೆಚ್ಚುಕಮ್ಮಿ ಎಲ್ಲಾ ರಾಜ್ಯದಲ್ಲಿ 80. ಡಬ್ಲ್ಯುಎಚ್‌ಒ ಹೇಳೋದೇ ಸಾಮಾನ್ಯ ಡ್ರೈವರ್‌ಗೆ 50. ಕಾಗದದ ಮೇಲೆ ನಾವು ಅವರೆಲ್ಲರಿಗಿಂತ ಸ್ಟ್ರಿಕ್ಟ್. ರೋಡ್ ಮೇಲೆ ಏನು ಕಥೆ ಅಂತ ನಿಮಗೇ ಗೊತ್ತು.

ಸ್ಕಾಟ್ಲೆಂಡ್ ಕಥೆ ಕೇಳಿ. 2014ರ ಡಿಸೆಂಬರ್‌ನಲ್ಲಿ ಅವರು ಮಿತಿಯನ್ನ 80ರಿಂದ 50ಕ್ಕೆ ಇಳಿಸಿದರು. ಪಕ್ಕದ ಇಂಗ್ಲೆಂಡ್ 80ರಲ್ಲೇ ಉಳಿಯಿತು. ಹೋಲಿಸಿ ನೋಡೋಕೆ ಇದಕ್ಕಿಂತ ಒಳ್ಳೇ ಅವಕಾಶ ಸಿಗೋದಿಲ್ಲ ಅಲ್ವಾ? ಗ್ಲಾಸ್ಗೋ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿ ನೋಡಿದರು. ಅಪಘಾತ ಕಡಿಮೆ ಆಗಿರಲಿಲ್ಲ. ಬಾರ್‌ನಲ್ಲಿ ವ್ಯಾಪಾರ ಒಂಚೂರು ಇಳಿದಿತ್ತು, ಅಷ್ಟೇ. ಕಾನೂನು ಬದಲಾಯಿತು, ರಸ್ತೆಯಲ್ಲಿ ಊದಿಸೋದು ಜಾಸ್ತಿ ಆಗಲಿಲ್ಲ ಅನ್ನೋದು ಅದಕ್ಕೆ ಹೇಳಿದ ಒಂದು ಕಾರಣ.

ಇನ್ನು ನಮ್ಮ ಕಡೆಯ ಪಾಡು. ಗಂಗಾವತಿಯಿಂದ ನಮ್ಮೂರಿಗೆ ಹದಿನಾಲ್ಕು ಕಿಲೋಮೀಟರ್. ಕೊನೇ ಬಸ್ ಎಂಟೂವರೆಗೆ. ಒಂಬತ್ತರ ಮೇಲೆ ಟಂಟಂ ಕೂಡ ಇಲ್ಲ. ಬೆಂಗಳೂರಿನವರು ಕುಡಿದು ಆಟೋ ಬುಕ್ ಮಾಡಿ ಹೋಗುತ್ತಾರೆ. ನಮ್ಮ ರೈಸ್ ಮಿಲ್ಲಿನ ಹಮಾಲಿ ಏನು ಬುಕ್ ಮಾಡಬೇಕು? ಇದನ್ನ ಹೇಳಿದರೆ "ಹಾಗಾದರೆ ಕುಡಿಯಬೇಡ" ಅಂತೀರಿ. ಸರಿ. ಆದರೆ ಕುಡಿಯುತ್ತಾರೆ.

2016ರಲ್ಲಿ ಸುಪ್ರೀಂ ಕೋರ್ಟ್ ಹೈವೇಯಿಂದ 500 ಮೀಟರ್ ಒಳಗೆ ಎಣ್ಣೆ ಅಂಗಡಿ ಬೇಡ ಅಂತ ಆದೇಶ ಮಾಡಿತು, ನೆನಪಿದೆಯಾ? ಸಣ್ಣ ಊರಿಗೆ ಆಮೇಲೆ ಅದು 220 ಮೀಟರ್ ಆಯಿತು, ಪಟ್ಟಣದೊಳಗೆ ರಿಯಾಯಿತಿ ಬಂತು. ನಮ್ಮ ಹತ್ತಿರದ ಅಂಗಡಿ ರೋಡ್ ಬಿಟ್ಟು ಒಳಗೆ ಹೋಯಿತು. ಕುಡಿಯೋರು ಕುಡಿಯೋದು ಬಿಡಲಿಲ್ಲ. ಬೈಕ್ ಮೇಲೆ ಇನ್ನೊಂದು ಕಿಲೋಮೀಟರ್ ಜಾಸ್ತಿ ಹೋಗಿ ಬಂದರು.

—

ರಾತ್ರಿ_ಪಾಳಿ (ಕೊಪ್ಪಳ)

ನಾನು ಆಸ್ಪತ್ರೆಯಲ್ಲಿ ಕ್ಯಾಶುವಾಲ್ಟಿ ಡ್ಯೂಟಿ ಮಾಡುವ ನರ್ಸ್. ಮೊದಲು ಹಗರಿ ದಂಡೆಯವರ ಭಾವನ ಲೆಕ್ಕ ನೋಡೋಣ. ನನಗೆ ಅದೇ ತಲೆ ಕೊರೆಯುತ್ತಿದೆ.

ವಿಸ್ಕಿ, ರಮ್ಮು, ಬ್ರ್ಯಾಂಡಿ ಯಾವುದೇ ಇರಲಿ, ಬಾಟಲಿ ಮೇಲೆ 42.8% ಅಂತ ಬರೆದಿರುತ್ತದೆ. ಕ್ವಾರ್ಟರ್ ಅಂದರೆ 180 ಎಂಎಲ್. ಅದರಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 61 ಗ್ರಾಂ. 65 ಕೆಜಿ ತೂಗುವ ಗಂಡಸಿನ ಮೈಯಲ್ಲಿ ಅದೆಲ್ಲ ಸೇರಿದರೆ 100 ಎಂಎಲ್ ರಕ್ತಕ್ಕೆ 137 ಮಿಲಿಗ್ರಾಂ ಹತ್ತಿರ ಬರುತ್ತದೆ. ಲಿವರ್ ಗಂಟೆಗೆ ಸುಮಾರು 15 ಇಳಿಸುತ್ತದೆ. ಒಬ್ಬೊಬ್ಬರಿಗೆ 10, ಒಬ್ಬೊಬ್ಬರಿಗೆ 20, ಹೆಚ್ಚುಕಮ್ಮಿ ಇರುತ್ತದೆ. ನಿಂಬೆಹಣ್ಣು, ಮಜ್ಜಿಗೆ, ಕಾಫಿ, ತಣ್ಣೀರು ಸ್ನಾನ, ವಾಂತಿ ಮಾಡೋದು, ಯಾವುದಕ್ಕೂ ಲಿವರ್ ಜಗ್ಗೋದಿಲ್ಲ. ಸ್ನಾನ ಮಾಡಿದ ಕುಡುಕ ಅಂದರೆ ಒದ್ದೆ ಕುಡುಕ ಅಷ್ಟೇ.

ರಾತ್ರಿ ಒಂಬತ್ತೂವರೆಯಿಂದ ಬೆಳಿಗ್ಗೆ ಎಂಟಕ್ಕೆ ಹತ್ತೂವರೆ ಗಂಟೆ. ಹದಿನೈದರಂತೆ 157 ಇಳಿಯಬೇಕು. ಒಂದೇ ಕ್ವಾರ್ಟರ್ ಆಗಿದ್ದರೆ ಬೆಳಿಗ್ಗೆ ಏಳರೊಳಗೆ ಸೊನ್ನೆ ಆಗಿರಬೇಕಿತ್ತು. 41 ಹೇಗೆ ಬಂತು? ಕ್ವಾರ್ಟರ್ ಜೊತೆ ಒಂದು ನೈಂಟಿ ಸೇರಿಸಿ ನೋಡಿ, 206 ಆಗುತ್ತದೆ, 157 ಕಳೆದರೆ 49. ಮೀಟರ್‌ಗೆ ಹತ್ತತ್ತಿರ ಬಂತು. ಭಾವ ಒಂದು ಟೆಟ್ರಾ ಪ್ಯಾಕ್ ಮರೆತಿದ್ದಾರೆ. ಅಕ್ಕನ ಆಣೆ ಬೇರೆ ಹಾಕಿದ್ದಾರೆ, ಪಾಪ.

ತಮಾಷೆ ಸಾಕು. ಮಲಗೆದ್ದರೆ ಇಳಿದಿರುತ್ತದೆ ಅಂತ ಎಲ್ಲರೂ ನಂಬಿದ್ದಾರೆ. ನಿದ್ದೆಗೂ ಇದಕ್ಕೂ ಸಂಬಂಧ ಇಲ್ಲ. ಗಂಟೆ ಕಳೆಯಬೇಕು, ಬೇರೆ ದಾರಿ ಇಲ್ಲ. ಸ್ಟ್ರಾಂಗ್ ಬಿಯರ್ ಅಂದರೆ ಲಘು ಅಂತ ತಿಳಿದುಕೊಂಡಿದ್ದಾರೆ. 8% ಇರೋ 650 ಎಂಎಲ್ ಬಾಟಲಿಯಲ್ಲಿ 41 ಗ್ರಾಂ ಇರುತ್ತದೆ, ಅಂದರೆ ಎರಡು ದೊಡ್ಡ ಪೆಗ್ಗು. ಅದೇ ತೂಕದವರು ಬರೀ ಒಂದು ಬಾಟಲಿ ಕುಡಿದರೆ 30ರ ಕೆಳಗೆ ಬರೋಕೆ ನಾಲ್ಕು ಗಂಟೆ ಬೇಕು. ಹೆಂಗಸರಿಗೆ, ತೆಳ್ಳಗಿರುವವರಿಗೆ ಇನ್ನೂ ಜಾಸ್ತಿ ಹೊತ್ತು.

30ರ ಕೆಳಗೆ ಏನೂ ಆಗೋದಿಲ್ಲ ಅನ್ನೋದು ಕೂಡ ಸುಳ್ಳು. 20ರ ಹೊತ್ತಿಗೇ ಓಡುವ ವಸ್ತುವಿನ ಮೇಲೆ ಕಣ್ಣು ಸರಿಯಾಗಿ ನಿಲ್ಲೋದಿಲ್ಲ, ಒಟ್ಟಿಗೆ ಎರಡು ಕೆಲಸ ಮಾಡೋದು ಕಷ್ಟ ಆಗುತ್ತದೆ. ನಮ್ಮ ರೋಡಲ್ಲಿ ರಾತ್ರಿ ಎರಡಲ್ಲ, ನಾಲ್ಕು ಕೆಲಸ. ಎದುರಿನ ಲಾರಿ ಡಿಪ್ ಮಾಡೋದಿಲ್ಲ, ಮುಂದೆ ಭತ್ತ ತುಂಬಿದ ಟ್ರ್ಯಾಕ್ಟರ್ ಟ್ರೇಲರ್‌ಗೆ ಹಿಂದೆ ಲೈಟ್ ಇಲ್ಲ, ಪಕ್ಕದಲ್ಲಿ ಹೊಂಡ, ಅದರ ಪಕ್ಕ ಎಮ್ಮೆ. ಸುಗ್ಗಿ ಟೈಮಲ್ಲಿ ನಮಗೆ ಬರುವ ಕೇಸಲ್ಲಿ ಹಿಂದಿನಿಂದ ಟ್ರೇಲರ್‌ಗೆ ಹೊಡೆದುಕೊಂಡವರೇ ಜಾಸ್ತಿ. ಕುಡಿಯದವರೂ ಹೊಡೆದುಕೊಳ್ಳುತ್ತಾರೆ. ಕುಡಿದವರು ಬ್ರೇಕ್ ಕೂಡ ಹಾಕಿರೋದಿಲ್ಲ.

ಅದಕ್ಕೇ ನಾನು ಇಳಿಸಲಿ ಅನ್ನೋ ಪಾರ್ಟಿ. ಆದರೆ ಸೊನ್ನೆ ಅಲ್ಲ, 20. ಯಾಕೆ ಅಂತ ಬೇರೆ ಯಾರಾದರೂ ಕೇಳಿದರೆ ಹೇಳುತ್ತೇನೆ, ಈಗ ಡ್ಯೂಟಿಗೆ ಹೊರಡಬೇಕು.

—

ಅದಿರು_ಲಾರಿ (ಸಂಡೂರು)

ಅಕ್ಕಾ, ನಾನೇ ಕೇಳುತ್ತೇನೆ, ಯಾಕೆ 20? ಒಂದು ಹನಿಯೂ ಬೇಡ ಅಂದರೆ ಏನು ನಷ್ಟ?

—

ಕರಿ_ಕೋಟು (ಬಳ್ಳಾರಿ)

ಅಕ್ಕ ಡ್ಯೂಟಿಗೆ ಹೋದರು, ನಾನು ಮಧ್ಯೆ ಬಾಯಿ ಹಾಕುತ್ತೇನೆ. ಮೋಟಾರು ಕೇಸು ನಡೆಸುವ ವಕೀಲ ನಾನು.

ಸೊನ್ನೆ ಅನ್ನೋದು ಹೊಸ ಐಡಿಯಾ ಅಂತ ಎಲ್ಲರೂ ಮಾತಾಡುತ್ತಿದ್ದೀರಿ. ನಮ್ಮ ದೇಶದಲ್ಲಿ ಅದು ಇತ್ತು. 1988ರ ಮೋಟಾರು ವಾಹನ ಕಾಯ್ದೆ ಬಂದಾಗ 185ನೇ ಸೆಕ್ಷನ್ನಿನಲ್ಲಿ ರಕ್ತದಲ್ಲಿ ಆಲ್ಕೋಹಾಲ್ ಎಷ್ಟೇ ಸ್ವಲ್ಪ ಇದ್ದರೂ ಅಪರಾಧ ಅಂತಲೇ ಇತ್ತು. 1994ರ ತಿದ್ದುಪಡಿಯಲ್ಲಿ ಅದನ್ನ ತೆಗೆದು 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ, ಅದೂ ಊದುವ ಯಂತ್ರದಲ್ಲಿ ಕಾಣಬೇಕು ಅಂತ ಬರೆದರು. ಅಂದರೆ ಸೊನ್ನೆಯಿಂದ 30ಕ್ಕೆ ಬಂದವರು ನಾವು. ಆ ಸೊನ್ನೆ ಇದ್ದ ಕಾಲದಲ್ಲಿ ನಮ್ಮ ರೋಡಲ್ಲಿ ಯಾರೂ ಕುಡಿದು ಓಡಿಸುತ್ತಿರಲಿಲ್ಲವಾ? ಆಗಿನ ಲಾರಿ ಲೈನಿನ ಹಿರಿಯರನ್ನ ಕೇಳಿ, ನಗುತ್ತಾರೆ.

ಅದಿರು ಲಾರಿಯವರಿಗೆ ಉತ್ತರ. ಸೊನ್ನೆ ಅಂದರೆ ಯಂತ್ರ 2 ತೋರಿಸಿದರೂ ಕೇಸ್. ಕೆಲವು ಕೆಮ್ಮಿನ ಸಿರಪ್, ಹೋಮಿಯೋಪತಿ ಹನಿ, ದಶಮೂಲಾರಿಷ್ಟ, ಅಶೋಕಾರಿಷ್ಟ, ಇಂಥವುಗಳಲ್ಲಿ ಆಲ್ಕೋಹಾಲ್ ಇರುತ್ತದೆ. ಬಾಯಲ್ಲಿ ಉಳಿದದ್ದು ಹದಿನೈದು ನಿಮಿಷದಲ್ಲಿ ಹೋಗುತ್ತದೆ, ಅದಕ್ಕೇ ಸ್ವಲ್ಪ ಹೊತ್ತು ಕೂರಿಸಿ ಮತ್ತೆ ಊದಿಸಬೇಕು. ಕೂರಿಸೋದು ಯಾರು? ಸೊನ್ನೆ ಮಾಡಿದರೆ ಅಂಥ ಒಂದೊಂದು ಕೇಸೂ ಕೋರ್ಟಲ್ಲಿ ನನ್ನಂಥವರಿಗೆ ಊಟ. ಸ್ವೀಡನ್ 1990ರಲ್ಲಿ 50ರಿಂದ ಇಳಿಸಿದಾಗ ಸೊನ್ನೆಗೆ ಹೋಗದೆ 20ಕ್ಕೆ ನಿಂತಿತು. ನಾರ್ವೆ 2001ರಲ್ಲಿ ಅದನ್ನೇ ಮಾಡಿತು. ಮೀಟರ್‌ಗೂ ಮನುಷ್ಯರಿಗೂ ಒಂದಿಷ್ಟು ಜಾಗ ಬಿಟ್ಟು ಮಾಡಿದ ಸಂಖ್ಯೆ ಅದು.

ಗಂಗಾವತಿ ಸರ್, ಸ್ಕಾಟ್ಲೆಂಡ್ ಹೇಳಿದಿರಿ, ಯೂಟಾ ಬಿಟ್ಟಿರಿ. ಅಮೆರಿಕದ ಆ ಒಂದು ರಾಜ್ಯ 2018ರ ಡಿಸೆಂಬರ್ 30ಕ್ಕೆ 80ರಿಂದ 50ಕ್ಕೆ ಇಳಿಸಿತು. ಮರುವರ್ಷ ಓಡಿದ ಮೈಲಿಗೆ ಲೆಕ್ಕ ಹಾಕಿದಾಗ ಸಾವಾದ ಅಪಘಾತಗಳು 2016ಕ್ಕಿಂತ 19.8% ಕಡಿಮೆ ಇದ್ದವು. ಅದೇ ಹೊತ್ತಲ್ಲಿ ಉಳಿದ ದೇಶದಲ್ಲಿ ಇಳಿದದ್ದು ಅದಕ್ಕಿಂತ ತುಂಬಾ ಕಡಿಮೆ. ಎಲ್ಲಾ ಮಿತಿಯಿಂದಲೇ ಆಯಿತು ಅಂತ ನಾನು ಹೇಳೋದಿಲ್ಲ. ಆದರೆ ಕುಡಿಯೋರು ಮನೆ ಬಿಡುವಾಗಲೇ ವಾಪಸ್ ಬರೋದು ಹೇಗೆ ಅಂತ ಯೋಚಿಸೋಕೆ ಶುರು ಮಾಡಿದರು ಅನ್ನೋದು ಅಲ್ಲಿನ ಸಮೀಕ್ಷೆಯಲ್ಲೇ ಬಂದಿದೆ.

ಈಗ ಭಾವನ ವಿಷಯ. ಮೊದಲ ಸಲಕ್ಕೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. 2019ಕ್ಕಿಂತ ಮೊದಲು 2,000 ಇತ್ತು. ಎರಡನೇ ಸಲ ಸಿಕ್ಕರೆ 15,000, ಜೈಲು ಎರಡು ವರ್ಷದವರೆಗೆ. ರೋಡ್ ಮೇಲೆ ದುಡ್ಡು ಕೊಟ್ಟು ಮುಗಿಸುವ ಕೇಸಲ್ಲ ಇದು, ಕೋರ್ಟಿಗೆ ಬರಬೇಕು. ಯಾರಾದರೂ "ಇಲ್ಲೇ ಮುಗಿಸೋಣ" ಅಂದರೆ ಒಪ್ಪಬೇಡಿ. ಲೈಸೆನ್ಸ್ ಕೂಡ ಕೆಲವು ತಿಂಗಳು ಹೋಗಬಹುದು. ರಾತ್ರಿ ಕುಡಿದದ್ದು ಅನ್ನೋದು ಕೋರ್ಟಲ್ಲಿ ಡಿಫೆನ್ಸ್ ಅಲ್ಲ. ಓಡಿಸುವ ಹೊತ್ತಲ್ಲಿ ರಕ್ತದಲ್ಲಿ ಎಷ್ಟಿತ್ತು ಅನ್ನೋದೊಂದೇ ಪ್ರಶ್ನೆ.

ಹಗರಿ ದಂಡೆಯವರೇ, ನಿಮ್ಮ ತಮ್ಮನ ಕೇಸು ಓದಿ ಬೇಜಾರಾಯಿತು. ಅಕ್ಕ ಕೊಟ್ಟ ಲೆಕ್ಕವನ್ನೇ ಅಲ್ಲಿಗೆ ಹಾಕಿ ನೋಡಿ. ಡ್ರೈವರ್ ಎರಡು ಕ್ವಾರ್ಟರ್ ಕುಡಿದು 200 ಮೇಲೆ ಇದ್ದ ಅಂತ ಇಟ್ಟುಕೊಳ್ಳಿ. ರಾತ್ರಿ ಹತ್ತಕ್ಕೆ ಗುದ್ದಿ ಓಡಿದ, ಮರುದಿನ ಮಧ್ಯಾಹ್ನ ಎರಡಕ್ಕೆ ಬಂದ. ಹದಿನಾರು ಗಂಟೆ. 240 ಇಳಿಯಿತು. ಓಡಿಹೋದವನಿಗೆ ಮಿತಿ 30 ಇದ್ದರೇನು, ಸೊನ್ನೆ ಇದ್ದರೇನು? ಅಪಘಾತ ಆದ ಮೇಲೆ ಸ್ಥಳದಲ್ಲೇ ಊದಿಸೋಕೆ ಪೊಲೀಸರಿಗೆ ಅದೇ ಕಾಯ್ದೆಯ 203ರಲ್ಲಿ ಅಧಿಕಾರ ಇದೆ, ಆಸ್ಪತ್ರೆಗೆ ಸೇರಿದ್ದರೆ ಅಲ್ಲೇ ಟೆಸ್ಟ್ ಮಾಡಬಹುದು. ಮನುಷ್ಯ ಇರಬೇಕಲ್ಲ.

—

ಅದಿರು_ಲಾರಿ (ಸಂಡೂರು)

ವಕೀಲ್ರೇ, ಓಡಿಹೋಗೋದಕ್ಕೆ ಎಣ್ಣೆ ಒಂದೇ ಕಾರಣ ಅಲ್ಲ. ನಿಂತರೆ ಜನ ಬಡಿಯುತ್ತಾರೆ. ನನ್ನ ಡ್ರೈವರ್ ಒಬ್ಬ ಕುಡಿದೇ ಇರಲಿಲ್ಲ, ಬೈಕಿನವನೇ ಅಡ್ಡ ಬಂದಿದ್ದ, ಆದರೂ ನಿಂತಿದ್ದಕ್ಕೆ ಹಲ್ಲು ಮುರಿಸಿಕೊಂಡ. 2024ರ ಜನವರಿಯಲ್ಲಿ ಲಾರಿಗಳು ಸ್ಟ್ರೈಕ್ ಮಾಡಿದ್ದು ಇದಕ್ಕೇ, ಗುದ್ದಿ ಓಡಿದರೆ ಹತ್ತು ವರ್ಷ ಅನ್ನೋ ಕಾನೂನು ಬಂದಾಗ. ನಿಂತರೆ ಏಟು, ಓಡಿದರೆ ಜೈಲು, ಎಲ್ಲಿಗೆ ಹೋಗಬೇಕು ಡ್ರೈವರ್?

ಆದರೆ ಕುಡಿದವನಿಗೆ ಓಡೋದರಲ್ಲಿ ಲಾಭ ಇದೆ ಅನ್ನೋದು ನೀವು ಹೇಳಿದ ಮೇಲೆ ತಲೆಗೆ ಹೋಯಿತು. ಕುಡಿಯದವನು ಓಡಿದರೆ ಏನೂ ಸಿಗೋದಿಲ್ಲ.

—

ಕರಿ_ಕೋಟು (ಬಳ್ಳಾರಿ)

ಹತ್ತು ವರ್ಷದ ಆ ಉಪಕಲಂ, ಅಂದರೆ ಭಾರತೀಯ ನ್ಯಾಯ ಸಂಹಿತೆಯ 106(2), ಇನ್ನೂ ಜಾರಿಗೆ ತಂದಿಲ್ಲ. 2024ರ ಜುಲೈ 1ಕ್ಕೆ ಹೊಸ ಕಾನೂನು ಬಂದಾಗ ಅದೊಂದನ್ನ ತಡೆ ಹಿಡಿದರು. 106(1) ಇದೆ, ನಿರ್ಲಕ್ಷ್ಯದಿಂದ ಸಾವಾದರೆ ಐದು ವರ್ಷದವರೆಗೆ. ಮೊದಲು ಹಳೇ ಐಪಿಸಿಯ 304ಎ ಅಡಿ ಎರಡು ವರ್ಷ ಇತ್ತು.

ಮಾಲೀಕರಾಗಿ ನಿಮಗೆ ಇನ್ನೊಂದು ಮಾತು. ಡ್ರೈವರ್ ಕುಡಿದಿದ್ದ ಅಂತ ಸಾಬೀತಾದರೆ ಇನ್ಶೂರೆನ್ಸ್ ಕಂಪನಿ ಅದನ್ನೇ ಹಿಡಿದು ವಾದ ಮಾಡಬಹುದು, ಮೋಟಾರು ವಾಹನ ಕಾಯ್ದೆಯ 150ರಲ್ಲೇ ಅದಕ್ಕೆ ಜಾಗ ಇದೆ. ಗಾಯಗೊಂಡವರಿಗೆ ಕೊಟ್ಟು ನಿಮ್ಮಿಂದ ವಸೂಲಿ ಮಾಡು ಅಂತ ಆದೇಶ ಬಂದರೆ ಒಂದು ಟಿಪ್ಪರ್ ಮಾರಬೇಕಾಗುತ್ತದೆ. ಕುಡಿದವನ ಕೈಗೆ ಗೊತ್ತಿದ್ದೂ ಕೀ ಕೊಟ್ಟರೆ ಅದು ಬೇರೆ ಕೇಸು.

—

ರಾಯಚೂರು_ಬಿಸಿಲು (ರಾಯಚೂರು)

ಎಲ್ಲರೂ ಮಿಲಿಗ್ರಾಂ ಲೆಕ್ಕದಲ್ಲೇ ಇದ್ದೀರಿ. ನಮ್ಮ ಕಡೆ ಮೀಟರ್‌ಗೆ ಸಿಗದ ನಶೆ ಇದೆ, ಅದನ್ನ ಯಾರೂ ಹೇಳಲಿಲ್ಲ.

ಸೇಂದಿ. ಮರದಿಂದ ಇಳಿಸಿದ ನಿಜವಾದ ಸೇಂದಿ ಅಲ್ಲ. ನೀರು, ಸಕ್ಕರೆ, ಸಿಎಚ್ ಪೌಡರ್ ಕಲಸಿದ್ದು. ಸಿಎಚ್ ಅಂದರೆ ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸುವ ರಾಸಾಯನಿಕ. ರಾಯಚೂರು ಪೇಪರಲ್ಲಿ ಹಿಡಿದ ಸುದ್ದಿ ಬರುತ್ತಲೇ ಇರುತ್ತದೆ. ತೆಲಂಗಾಣ ಗಡಿ ಪಕ್ಕದಲ್ಲೇ ಇದೆ, ಕ್ಯಾನ್ ಕಟ್ಟಿಕೊಂಡು ಬೈಕ್ ಬರುತ್ತವೆ. ಕಡಿಮೆ ದುಡ್ಡಿಗೆ ಸಿಗುತ್ತದೆ, ಕೂಲಿ ಮಾಡೋರು ಬೆಳಿಗ್ಗೆ ಏಳಕ್ಕೇ ಶುರು ಮಾಡುತ್ತಾರೆ. ಅಭ್ಯಾಸ ಆದವರಿಗೆ ಒಂದು ದಿನ ಸಿಗದಿದ್ದರೆ ಕೈ ನಡುಗುತ್ತದೆ, ಏನೇನೋ ಮಾತಾಡುತ್ತಾರೆ.

ಊದುವ ಮೀಟರ್ ಹಿಡಿಯೋದು ಆಲ್ಕೋಹಾಲನ್ನ. ಈ ಪುಡಿಯನ್ನಲ್ಲ. ನಿದ್ದೆಗಣ್ಣಲ್ಲಿ ಟ್ರ್ಯಾಕ್ಟರ್ ಓಡಿಸುವವನನ್ನ ನಿಲ್ಲಿಸಿ ಊದಿಸಿದರೆ ಸೊನ್ನೆ ಬಂದರೂ ಬಂತು. ನೀವು ಮಿತಿ 20 ಮಾಡಿ, 10 ಮಾಡಿ, ಅವನು ಪಾಸ್. ವಕೀಲರೇ, ಇದಕ್ಕೆ ಕಾನೂನಲ್ಲಿ ಏನಿದೆ?

ನನಗೊಂದು ಭಯ ಇದೆ. 2007ರಲ್ಲಿ ಸಾರಾಯಿ ನಿಂತಾಗ ನೋಡಿದ್ದೇವೆ, ಕುಡಿಯೋರು ಕುಡಿಯೋದು ಬಿಡಲಿಲ್ಲ, ಬೇರೆ ಕಡೆ ಹೋದರು. ಊದಿದರೆ ಸಿಕ್ಕಿಬೀಳುವ ಎಣ್ಣೆ ಬಿಟ್ಟು ಊದಿದರೆ ಸಿಗದ ಪುಡಿಗೆ ಹೋದರೆ?

—

ಕರಿ_ಕೋಟು (ಬಳ್ಳಾರಿ)

185ರ ಎರಡನೇ ಭಾಗ ಅದಕ್ಕೇ ಇದೆ. ಮತ್ತಿನ ವಸ್ತುವಿನಿಂದ ಗಾಡಿ ಹಿಡಿತದಲ್ಲಿ ಇಡೋಕೆ ಆಗದ ಸ್ಥಿತಿಯಲ್ಲಿ ಇದ್ದರೆ ಅಪರಾಧ. ಅಲ್ಲಿ ಸಂಖ್ಯೆ ಇಲ್ಲ. ಆದರೆ ತೋರಿಸೋಕೆ ಡಾಕ್ಟರ್ ಬೇಕು, ಲ್ಯಾಬ್ ಬೇಕು. ರಾತ್ರಿ ಹನ್ನೊಂದಕ್ಕೆ ಹೈವೇ ಮೇಲೆ ಒಬ್ಬ ಎಎಸ್‌ಐ, ಇಬ್ಬರು ಪೇದೆ ನಿಂತು ಅದನ್ನೆಲ್ಲ ಮಾಡುತ್ತಾರಾ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ಹಿಡಿದರೆ ಎರಡು ಗಂಟೆ ಒಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಇಲ್ಲದಿದ್ದರೆ ಬಿಡಬೇಕು. ಅದೂ ಕಾಯ್ದೆಯಲ್ಲೇ ಇದೆ.

—

ಸುಮ್ನೆ_ಕೇಳ್ದೆ (ಗಂಗಾವತಿ)

ನೋಡಿ, ನಾನು ಹೇಳಿದ್ದೂ ಅದೇ. ಎಲ್ಲಾ ಕಾನೂನಲ್ಲೇ ಇದೆ. ನಿಲ್ಲಿಸಿ ಊದಿಸೋರು ಇಲ್ಲ.

ಯೂಟಾ ನನಗೆ ಗೊತ್ತಿರಲಿಲ್ಲ, ಒಪ್ಪಿದೆ. ಆದರೆ ಯೂಟಾದಲ್ಲಿ ನಿಲ್ಲಿಸುತ್ತಾರೆ ಅನ್ನೋ ಭಯ ಮೊದಲೇ ಇತ್ತು ಸ್ವಾಮಿ. ನಮ್ಮ ಕಾರಟಗಿ ರೋಡಲ್ಲಿ ಇದೆಯಾ? ಮೊದಲು ಅದನ್ನ ತನ್ನಿ, ಆಮೇಲೆ 20 ಮಾಡಿ, ನಾನೇ ಕೈ ಎತ್ತುತ್ತೇನೆ.

ಒಂದಕ್ಕೆ ಮಾತ್ರ ಈಗಲೇ ಹ್ಞೂಂ ಅನ್ನುತ್ತೇನೆ. ಶಾಲೆ ವ್ಯಾನ್, ಬಸ್, ಲಾರಿ, ಕೂಲಿಯವರನ್ನ ತುಂಬಿಕೊಂಡು ಹೋಗುವ ಕ್ರೂಸರ್. ಇವಕ್ಕೆ 20 ಅಥವಾ ಸೊನ್ನೆ, ಏನಾದರೂ ಮಾಡಿ. ನಾನು ಹೇಳಿದ ಡಬ್ಲ್ಯುಎಚ್‌ಒ ಕೂಡ ಬಾಡಿಗೆ ಗಾಡಿಗೆ ಮತ್ತೆ ಹೊಸ ಡ್ರೈವರ್‌ಗೆ 20 ಅನ್ನುತ್ತದೆ. ನಮ್ಮಲ್ಲಿ ಬೈಕಿಗೂ 30, ಐವತ್ತು ಮಕ್ಕಳ ಬಸ್ಸಿಗೂ 30. ವಿಮಾನದವರು ಹಾರೋ ಮೊದಲು ಹನ್ನೆರಡು ಗಂಟೆ ಮುಟ್ಟಬಾರದು. ಮೆಣಸಿನಕಾಯಿ ಬಿಡಿಸೋಕೆ ಹೋಗುವ ಹೆಣ್ಣುಮಕ್ಕಳು ಇಪ್ಪತ್ತು ಜನ ಕೂತ ಕ್ರೂಸರ್‌ನವನಿಗೆ ಯಾಕೆ ರಿಯಾಯಿತಿ?

—

ರಾತ್ರಿ_ಪಾಳಿ (ಕೊಪ್ಪಳ)

ಡ್ಯೂಟಿ ಮುಗಿಯಿತು. ವಕೀಲರು ನನ್ನ ಉತ್ತರವನ್ನ ನನಗಿಂತ ಚೆನ್ನಾಗಿ ಹೇಳಿದ್ದಾರೆ, 20ರ ಕಾರಣ ಅದೇ.

ಗಂಗಾವತಿ ಅಣ್ಣ, ಕ್ರೂಸರ್ ಮಾತಿಗೆ ನನ್ನ ನಮಸ್ಕಾರ. ಒಂದೇ ಗಾಡಿಯಿಂದ ಹದಿನಾಲ್ಕು ಜನರನ್ನ ಒಟ್ಟಿಗೆ ಇಳಿಸಿದ ದಿನ ನೋಡಿದ್ದೇನೆ, ಎಲ್ಲರೂ ಕೂಲಿಗೆ ಹೋಗುತ್ತಿದ್ದವರು. ಅದರ ಬಗ್ಗೆ ಇಲ್ಲಿ ಬರೆಯೋದು ಬೇಡ.

ಜಪಾನಿನವರು ಮಾಡಿದ ಒಂದು ಕೆಲಸ ನನಗೆ ಇಷ್ಟ. 2002ರಲ್ಲಿ ಮಿತಿ ನಮ್ಮ 30ರ ಮಟ್ಟಕ್ಕೆ ಇಳಿಸಿದರು. 2006ರಲ್ಲಿ ಫುಕುವೋಕಾದಲ್ಲಿ ಕುಡಿದವನೊಬ್ಬ ಹಿಂದಿನಿಂದ ಗುದ್ದಿ ಒಂದೇ ಮನೆಯ ಮೂರು ಮಕ್ಕಳು ಸತ್ತ ಮೇಲೆ, 2007ರಲ್ಲಿ ಕುಡಿಸಿದವರಿಗೆ, ಗಾಡಿ ಕೊಟ್ಟವರಿಗೆ, ಗೊತ್ತಿದ್ದೂ ಪಕ್ಕದಲ್ಲಿ ಕೂತು ಹೋದವರಿಗೆ ಕೂಡ ಶಿಕ್ಷೆ ಇಟ್ಟರು. ನಮ್ಮಲ್ಲಿ ದೇವರ ಕಾರ್ಯದಲ್ಲಿ "ಇನ್ನೊಂದು ಹಾಕ್ರೀ ಬೀಗರೇ" ಅಂತ ಒತ್ತಾಯ ಮಾಡಿ, ಹೊರಡುವಾಗ "ಹುಷಾರಾಗಿ ಹೋಗ್ರೀ" ಅನ್ನುತ್ತೇವಲ್ಲ, ಅದಕ್ಕೆ ಒಂದು ಸೆಕ್ಷನ್ ಬೇಕಿತ್ತು.

ಹಗರಿ ದಂಡೆಯವರೇ, ನಿಮ್ಮ ಭಾವ ರಾತ್ರಿ ಅಲ್ಲೇ ಮಲಗಿದ್ದರಲ್ಲ. ಅರ್ಧ ಸರಿ ಮಾಡಿದ್ದಾರೆ. ಬೆಳಿಗ್ಗೆ ಇನ್ನೂ ಮೂರು ಗಂಟೆ ಮಲಗಿದ್ದರೆ ಪೂರ್ತಿ ಸರಿ ಆಗುತ್ತಿತ್ತು.

—

ಹಗರಿ_ದಂಡೆ (ಬಳ್ಳಾರಿ)

ಇಷ್ಟೊಂದು ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ನರ್ಸ್ ಅಕ್ಕನ ಲೆಕ್ಕವನ್ನೂ ವಕೀಲರ ಹದಿನಾರು ಗಂಟೆ ಲೆಕ್ಕವನ್ನೂ ನಿನ್ನೆ ರಾತ್ರಿ ಮನೆಯಲ್ಲಿ ಓದಿ ಹೇಳಿದೆ. ಚಿಕ್ಕಪ್ಪನ ಮಗನೂ ಬಂದಿದ್ದ. ಹದಿನಾರು ಗಂಟೆ ಅಂದಾಗ ಅವನು ಏನೂ ಮಾತಾಡಲಿಲ್ಲ, ಎದ್ದು ಹೊರಗೆ ಹೋದ. ಟೆಂಪೋದವನನ್ನ ಆ ರಾತ್ರಿಯೇ ಹುಡುಕಿ ಹಿಡಿದು ಊದಿಸಿದ್ದರೆ ಅನ್ನೋದು ಅವನ ತಲೆಯಲ್ಲಿ ಎರಡು ವರ್ಷದಿಂದ ಇದೆ. ನಾನು ಅದನ್ನ ಮೀಟರ್ ಲೆಕ್ಕವಾಗಿ ಓದಿದ್ದು ತಪ್ಪಾಯಿತು ಅನಿಸಿತು.

ನನ್ನ ಅಭಿಪ್ರಾಯ ಕೇಳಿದರೆ, ಬಾಡಿಗೆ ಗಾಡಿಗೆ 20 ಮಾಡಲಿ. ಉಳಿದವರಿಗೆ 30 ಇದ್ದರೂ ಸರಿ, ಹಳ್ಳಿ ರೋಡಿಗೂ ಒಂದು ಮೀಟರ್ ಬರಲಿ. ಸೇಂದಿ ಪುಡಿಗೆ ಏನು ಮಾಡಬೇಕೋ ನನಗೆ ಹೊಳೆಯಲಿಲ್ಲ.

ಭಾವ ಕೋರ್ಟಿಗೆ ಹತ್ತು ಸಾವಿರ ಹೊಂದಿಸುತ್ತಿದ್ದಾರೆ. ಕ್ವಾರ್ಟರ್ ಮೇಲೆ ನೈಂಟಿ ಇತ್ತು ಅಂತ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಕ್ಕನ ಮುಂದೆಯೇ ಒಪ್ಪಿಕೊಂಡರು. ಆಣೆ ಬಗ್ಗೆ ಅಕ್ಕ ಇನ್ನೂ ಮಾತಾಡಿಲ್ಲ.